ಅಂಗಳದ ಕಾಯಿ, ಅಟ್ಟದ ಕಾಯಿ

ಅರಸೀಕೆರೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ ನನಗೆ ಕೊಂಬು ಮೂಡಿತ್ತು. ಕಣಕಟ್ಟೆಯ ತೆಂಗಿನ ತೋಟದಿಂದ ಬರುತ್ತಿದ್ದ ಶಿವಗಂಗಮ್ಮನವರು ರ‍್ಯಾಮ್ ಯಾವುದು, ಹಾರ್ಡ್ ಡಿಸ್ಕ್ ಯಾವುದು ಎಂದು ಕೇಳಿದರೆ, "ಎರಡೂ ಮೆಮೊರಿ. ನಿಮಗಷ್ಟು ಸಾಕು" ಎಂದುಬಿಟ್ಟಿದ್ದೆ.

ಒಂದು ದಿನ ಅವರು ತಮ್ಮ ಹೆಸರಿನಿಂದ ಹಿಡಿದು ತಮ್ಮೂರಿನ ಇಡೀ ಮಹಿಳಾ ಸಂಘದವರ ಹೆಸರುಗಳನ್ನು ಒಂದೇ ಬೆರಳಲ್ಲಿ ಕುಟ್ಟಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಒಂದು ಹೆಸರೂ ಇರಲಿಲ್ಲ.

"ಸೇವ್ ಮಾಡ್ಲಿಲ್ವೇನ್ರೀ?" ಎಂದು ಎಲ್ಲರೆದುರು ರೇಗಿದೆ.

"ಹಂಗಂದ್ರೇನು ಸಾ? ನೀವು ಹೇಳೇ ಇಲ್ವಲ್ಲ."

ಟೈಪ್ ಮಾಡಿದ್ದು ರ‍್ಯಾಮಿನಲ್ಲಿರುತ್ತದೆ, ಕರೆಂಟು ಹೋದರೆ ಅಳಿಯುತ್ತದೆ, ಸೇವ್ ಮಾಡಿದರೆ ಮಾತ್ರ ಹಾರ್ಡ್ ಡಿಸ್ಕಿನಲ್ಲಿ ಉಳಿಯುತ್ತದೆ ಎಂದು ತಡವರಿಸಿದೆ.

"ಅಂಗಳದಲ್ಲಿ ಬಿದ್ದಿರೋ ಕಾಯಿ ನಂಬಂಗಿಲ್ಲ. ಅಟ್ಟಕ್ಕೆ ಏರಿಸಿದ್ರೆ ಕೊಬ್ಬರಿ ಆಗೋವರ್ಗೂ ಇರ್ತೈತೆ. ಅಷ್ಟೇ ತಾನೆ? ಮೊದ್ಲೇ ಹೇಳಿದ್ರೆ ಏರಿಸ್ತಿದ್ದೆ" ಎಂದು ಅವರು ಮತ್ತೆ ಮೊದಲ ಹೆಸರು ಕುಟ್ಟತೊಡಗಿದರು.

ಆಮೇಲೆ ಪ್ರತಿ ಕ್ಲಾಸಿನಲ್ಲೂ ಅಂಗಳ, ಅಟ್ಟ ಎಂದೇ ಪಾಠ ಹೇಳಿದೆ. "ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತೀರಿ ಸಾರ್" ಎಂದು ಕಲಿಯಲು ಬಂದವರು ಹೊಗಳಿದಾಗಲೆಲ್ಲ ಸುಮ್ಮನೆ ನಕ್ಕೆ. ಶಿವಗಂಗಮ್ಮನವರ ಹೆಸರನ್ನು ಮೊದಲ ಸಲ ಕರೆಂಟು ಅಳಿಸಿತು, ಎರಡನೇ ಸಲ ನಾನು.