ಮರಿ ಗಿಟಾರಿನ ಸಣ್ಣ ತಂತಿ

ನನ್ನ ಬಳಿ ಇದ್ದದ್ದು ಪೂರ್ತಿ ಗಿಟಾರೂ ಅಲ್ಲ, ಮ್ಯಾಂಡೊಲಿನ್ನೂ ಅಲ್ಲ. ಒಡಲು ಮ್ಯಾಂಡೊಲಿನ್ನಿನದು, ಆರು ತಂತಿಗಳು ಗಿಟಾರಿನವು, ಶ್ರುತಿ ದೊಡ್ಡ ಗಿಟಾರಿಗಿಂತ ಒಂದು ಸ್ಥಾಯಿ ಮೇಲೆ. ಯುದ್ಧದ ಕಾಲದಲ್ಲಿ ಬರ್ಮಾ ಕಡೆ ಹೊರಟಿದ್ದ ಬಿಳಿ ಸೋಲ್ಜರನೊಬ್ಬ ಮಾರಿಹೋದದ್ದು. ಕೊಂಡ ದಿನವೇ ನನಗೊಂದು ಹೆದರಿಕೆ ಅಂಟಿತು: ಇಷ್ಟು ಬಿಗಿಯಾದ ತಂತಿಗಳು ಎಳೆದೆಳೆದು ಆ ಪುಟ್ಟ ಕತ್ತನ್ನು ಮುರಿದುಬಿಟ್ಟರೆ? ಅದಕ್ಕೇ ಹಲಸೂರಿನ ನನ್ನ ಕೋಣೆಯಲ್ಲಿ ನುಡಿಸಿ ಮುಗಿಸಿದ ಕೂಡಲೇ ಆರೂ ತಂತಿ ಸಡಿಲಿಸುತ್ತಿದ್ದೆ. ಮರುದಿನ ಮತ್ತೆ ಬಿಗಿಯುತ್ತಿದ್ದೆ. ದೇವರ ಪೂಜೆಯಲ್ಲೂ ನಾನು ಅಷ್ಟು ನಿಷ್ಠೆ ತೋರಿಸಿದವನಲ್ಲ.

ಕಚೇರಿಯ ಗೆಳೆಯನ ತಂಗಿಗೆ ಮದುವೆ ಗೊತ್ತಾಯಿತು. ಕಾಕ್ಸ್‌ಟೌನಿನ ಕ್ರೈಸ್ತ ಮನೆ. ತೀರಿಕೊಂಡಿದ್ದ ಅವರ ತಂದೆ, ಬದುಕಿದ್ದಾಗ, ಪ್ರತಿ ಸಂಜೆ ಗೇಟು ತೆಗೆಯುತ್ತ ಸಿಳ್ಳೆಯಲ್ಲಿ ಒಂದು ಧಾಟಿ ಹಾಕುತ್ತಿದ್ದರು; ನಾನೂ ಎಷ್ಟೋ ಸಲ ಕೇಳಿದ್ದೆ. ಆ ಸಿಳ್ಳೆಯ ಎತ್ತರಕ್ಕೆ ಏರುತ್ತಿದ್ದದ್ದು ನನ್ನ ವಾದ್ಯವೊಂದೇ.

“ಅಣ್ಣಾ, ನಾನು ಚರ್ಚಿಗೆ ಹೊರಡ್ತೀನಲ್ಲ, ಆಗ ಅಪ್ಪನ ಸಿಳ್ಳೆ ನುಡಿಸ್ತೀರಾ? ಅಷ್ಟೇ ಸಾಕು ನಂಗೆ,” ಎಂದು ಮದುಮಗಳು ನನ್ನನ್ನು ಕೇಳಿದಳು. ಹೂಂ ಎಂದೆ.

ಮದುವೆಯ ಬೆಳಿಗ್ಗೆ ಬಿಗಿಯುತ್ತಿದ್ದಾಗ, ಎಲ್ಲಕ್ಕಿಂತ ಸಣ್ಣ ತಂತಿ ಟಪ್ಪೆಂದು ಕಡಿದು ಕೈಗೆ ಬಡಿಯಿತು. ಯುದ್ಧದ ದೆಸೆಯಿಂದ ಅಂಗಡಿಗಳಲ್ಲಿ ತಂತಿಯೇ ಇರಲಿಲ್ಲ. ಆಕೆ ಹೊರಡುವುದು ಹತ್ತಕ್ಕೆ, ಆಗಲೇ ಎಂಟೂವರೆ. ವಾದ್ಯವನ್ನು ಬೆನ್ನಿಗೆ ಕಟ್ಟಿಕೊಂಡು, ಈಗ ಶಿವಾಜಿನಗರ ಎನ್ನುವ ಬ್ಲಾಕ್‌ಪಳ್ಳಿಗೆ ಸೈಕಲ್ ತುಳಿದೆ. ಅಲ್ಲಿ ಸಿತಾರ್ ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ಅವರು ಕಡಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು, “ದಿನಾ ಸಡ್ಲ ಮಾಡ್ತೀರಾ?” ಎಂದರು.

“ಹೌದು ಚಾಚಾ. ಕತ್ತು ಮುರೀಬಾರ್ದು ಅಂತ.”

“ದಿನಾ ಬಿಚ್ಚಿ ದಿನಾ ಕಟ್ಟೋಕೆ ಇದೇನ್ ಸಾಬ್, ಪೈಜಾಮದ ಲಾಡಿನಾ? ಕತ್ತಿಗೆ ಏನೂ ಆಗಿಲ್ಲ. ತಂತಿ ಪ್ರಾಣ ತೆಗ್ದಿದ್ದು ನೀವೇ.”

ಸಿತಾರಿನ ಉಕ್ಕಿನ ತಂತಿಯೊಂದರ ತುದಿಯನ್ನು ಕುಣಿಕೆ ಮಾಡಿ ಹಾಕಿಕೊಟ್ಟರು. “ಇದು ಅಷ್ಟು ಎತ್ತರಕ್ಕೆ ಮಾಡಿದ್ದಲ್ಲ. ನಿಂತ್ರೆ ನಿಂತೀತು. ಕಡಿದ್ರೆ ಮುಖಕ್ಕೇ ಹಾರುತ್ತೆ, ಕಣ್ಣು ಜೋಪಾನ.”

ಕಣ್ಣಿನ ಮಾತು ಅವರು ಆಡಬಾರದಿತ್ತು. ಕಾಕ್ಸ್‌ಟೌನ್ ತಲುಪುವಷ್ಟರಲ್ಲಿ, ಒಕ್ಕಣ್ಣನಾದ ಮೇಲೆ ಕಚೇರಿಯ ಕೆಲಸ ಉಳಿಯುತ್ತದೆಯೇ ಎಂಬ ತನಕ ನನ್ನ ಯೋಚನೆ ಹೋಗಿತ್ತು.

ವರಾಂಡದಲ್ಲಿ ತಂತಿ ಬಿಗಿಯುವ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ ಉಸಿರು ಹಿಡಿದೆ. ಮತ್ತೆ ಕೂದಲೆಳೆಯಷ್ಟು. ತಂತಿ ಕಿರ್ರೆಂದಿತು.

“ಸ್ವಲ್ಪ ಕೆಳಗೆ ನುಡಿಸಿದ್ರೆ ಆಗಲ್ವೇನೋ?” ಎಂದ ಗೆಳೆಯ.

“ಆಗ ಅದು ನಿಮ್ಮಪ್ಪನ ಸಿಳ್ಳೆ ಆಗಲ್ಲ ಕಣೋ,” ಎಂದೆ. ಹೇಳಿದ್ದು ನಾನೇನಾ ಎಂದು ನನಗೇ ಆಶ್ಚರ್ಯ.

ಆಕೆ ಅಣ್ಣನ ತೋಳು ಹಿಡಿದು ಹೊಸಿಲು ದಾಟಿದಳು. ಶುರು ಮಾಡಿದೆ. ಕೊನೆಯ ಏರು ಬರುತ್ತಿದ್ದಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿದೆ. ಒಂದು ಸ್ವರ. ಇನ್ನೊಂದು. ಕಡಿಯಲಿಲ್ಲ.

ಕಣ್ಣು ತೆರೆದಾಗ ಆಕೆ ಗೇಟಿನ ಮೇಲೆ ಕೈಯಿಟ್ಟು, ಮನೆಯ ಕಡೆ ತಿರುಗಿ ನಿಂತಿದ್ದಳು. ನೆಂಟರ ಅಜ್ಜಿಯೊಬ್ಬರು ನನ್ನ ಕೈಗೆ ಕರವಸ್ತ್ರ ತುರುಕಿ, “ಅಳ್ಬೇಡಪ್ಪಾ, ಅವಳೂ ಅತ್ಬಿಡ್ತಾಳೆ,” ಎಂದರು. ಬೆವರು ಎನ್ನಲು ಧೈರ್ಯ ಬರದೆ ಕಣ್ಣು ಒರೆಸಿಕೊಂಡೆ.

ಮನೆಗೆ ಬಂದೊಡನೆ ಕೈ ತಾನಾಗಿ ಬಿರಡೆಗೆ ಹೋಯಿತು. ಸಡಿಲಿಸದೆ ಕೈ ಹಿಂದಕ್ಕೆ ತೆಗೆದೆ. ಪೆಟ್ಟಿಗೆ ಮುಚ್ಚಿ, ಮತ್ತೆ ತೆರೆದು, ಕತ್ತು ಬಾಗಿದೆಯೇ ಎಂದು ನೋಡಿದೆ. ಇಂದಿಗೂ ನೋಡುತ್ತೇನೆ.