ಫತೇಗಂಜಿನಲ್ಲಿ ಕೊಟ್ಟ ಮುಡಿ

ಮಗಳು ಬದುಕುತ್ತಾಳೆ ಎಂದು ಡಾಕ್ಟರು ಹೇಳಿದ್ದು ಬೆಳಿಗ್ಗೆಯೋ ಮಧ್ಯಾಹ್ನವೋ, ಈಗ ಖಚಿತವಿಲ್ಲ. ಅವರು 'ಬದುಕುತ್ತಾಳೆ' ಎಂದೇ ಅಂದರೋ, 'ಇನ್ನು ಹೆದರಿಕೆ ಕಡಿಮೆ' ಎಂದರೋ, ಅದೂ ಖಚಿತವಿಲ್ಲ. ನನಗೆ ಕೇಳಿಸಿದ್ದು ಮೊದಲನೆಯದು.

ಅರವತ್ತರ ದಶಕದ ಬರೋಡಾ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಧಾರವಾಡದಿಂದ ಬಂದ ನಮಗೆ ಫತೇಗಂಜಿನಲ್ಲಿ ಬಾಡಿಗೆ ಮನೆ. ಪುಟ್ಟ ಮಗಳಿಗೆ ಗಂಟಲಮಾರಿ ಬಂದು ಉಸಿರು ಕಟ್ಟಿದಾಗ ಆಸ್ಪತ್ರೆಯಲ್ಲಿ ಕುತ್ತಿಗೆಗೆ ತೂತು ಮಾಡಿ ಕೊಳವೆ ಇಟ್ಟರು. ತೀವ್ರ ನಿಗಾ ಘಟಕ ಎಂಬ ಮಾತನ್ನು ಆಗ ನಾವು ಕೇಳಿರಲಿಲ್ಲ. ನರ್ಸಿನ ಮೇಜಿಗೆ ತಾಗಿದ ಮಂಚವೇ ಅದು. ಆಕೆ ಆಗಾಗ ಎದ್ದು ಕೊಳವೆಯ ಕಫ ತೆಗೆಯುತ್ತಿದ್ದಳು. ಮಗಳು ಅತ್ತರೂ ದನಿ ಬರುತ್ತಿರಲಿಲ್ಲ.

ಹೆಂಡತಿ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದಿಟ್ಟಾಗ, "ನಿಮ್ಮ ತಿಮ್ಮಪ್ಪ ಯಾವಾಗ ಡಾಕ್ಟರಕಿ ಕಲತಾ?" ಎಂದಿದ್ದೆ. ಅದೇ ನಾನು ಮಂಚದ ಪಕ್ಕ ನಿಂತು, ಕೊಳವೆಯ ಸೀಟಿಯಂಥ ಸದ್ದು ಕೇಳುತ್ತ, ಇವಳು ಉಳಿದರೆ ತಲೆಗೂದಲು ಕೊಡುತ್ತೇನೆ ಎಂದು ಹರಕೆ ಹೊತ್ತೆ. ಯಾರಿಗೂ ಹೇಳಲಿಲ್ಲ.

ಡಾಕ್ಟರ ಮಾತು ಕೇಳಿದವನೇ ಸೈಕಲ್ ಹತ್ತಿದೆ. ಹೆಂಡತಿ ಸ್ನಾನಕ್ಕೆಂದು ಮನೆಗೆ ಹೋಗಿದ್ದಳು, ಅವಳಿಗೆ ಹೇಳಬೇಕಿತ್ತು. ದಾರಿಯಲ್ಲಿ ಕ್ಷೌರದ ಅಂಗಡಿ ಕಂಡಿತು. ತಡಮಾಡಿದರೆ ದೇವರು ಮನಸ್ಸು ಬದಲಿಸಿಯಾನು ಎಂಬ ಭಯವೋ, ನಾನೇ ಬದಲಿಸಿಯೇನು ಎಂಬ ಗುಮಾನಿಯೋ, ಒಳಗೆ ಹೋಗಿ ಕೂತೆ. ತಲೆ, ಮೀಸೆ ಎರಡೂ ಹೋದವು.

ಹೊರಗೆ ನನ್ನ ವಿಭಾಗದ ಗುಜರಾತಿ ಸಹೋದ್ಯೋಗಿ ಎದುರಾದ. ನನ್ನ ತಲೆ ನೋಡಿ ಅವನ ಮುಖ ಇಳಿಯಿತು. ಭುಜದ ಮೇಲೆ ಕೈಯಿಟ್ಟು, "ಅರೇ... ಬಾಪುಜಿ?" ಎಂದ.

ನನ್ನ ಅಪ್ಪ ಆ ಹೊತ್ತಿಗೆ ಧಾರವಾಡದಲ್ಲಿ ಚುರುಮುರಿ ತಿನ್ನುತ್ತ ಗಟ್ಟಿಮುಟ್ಟಾಗಿ ಕೂತಿದ್ದಿರಬೇಕು. ಆದರೆ ಹರಕೆ ಎನ್ನಲು ನನಗೆ ನಾಲಗೆ ಏಳಲಿಲ್ಲ. ಗ್ರಹಣದ ಹೊತ್ತಿನಲ್ಲಿ ಎಲ್ಲರೆದುರು ಬೇಕೆಂದೇ ಚಹಾ ಕುಡಿದವನು ನಾನು. ಹೌದೆಂಬಂತೆ ತಲೆಯಾಡಿಸಿದೆ. ಅವನು ಕೈಮುಗಿದ. ನಾನೂ ಮುಗಿದೆ.

ಬೋಳುತಲೆ ಕಂಡವರಿಗೆ ಏನನ್ನಿಸುತ್ತದೆ ಎಂಬುದು ಆಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬದುಕಿದ್ದ ಅಪ್ಪನನ್ನು ಸಾಯಿಸಿದ ಸಂಕೋಚದಲ್ಲೇ ಪೆಡಲು ತುಳಿದೆ.

ಹೆಂಡತಿ ಥರ್ಮಾಸ್ ಹಿಡಿದು ಆಸ್ಪತ್ರೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು. ಥರ್ಮಾಸ್ ಕೈಜಾರಿ ಬಿತ್ತು.

"ಹೋತೇನ್ರೀ ಕೂಸು?"

ಬೇರೆ ಗಂಡಸಾಗಿದ್ದರೆ ಹರಕೆ ತೀರಿಸಿ ಬಂದಿದ್ದಾನೆ ಎಂದುಕೊಳ್ಳುತ್ತಿದ್ದಳು. ನನ್ನ ತಲೆ ನೋಡಿ ಅವಳಿಗೆ ತೋಚಿದ್ದು ಒಂದೇ. ಮಗು ಹೋದರೆ ತಂದೆ ತಲೆ ಬೋಳಿಸುವ ಪದ್ಧತಿಯಿಲ್ಲ ಎಂದು ಯಾರೋ ಆಮೇಲೆ ಅಂದರು. ಆ ಗಳಿಗೆಯಲ್ಲಿ ಪದ್ಧತಿ ಯಾರಿಗೆ ನೆನಪಿರುತ್ತದೆ?

"ಇಲ್ಲ ಇಲ್ಲ, ಅದಾಳ. ಆರಾಮ ಆಗ್ತಾಳಂತ. ಇದು... ಹರಕಿ."

"ಯಾರ ಹರಕಿ?"

"ನಂದ. ತಿಮ್ಮಪ್ಪಗ."

ಅವಳು ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಬಹಳ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ತಲೆಯನ್ನೇ ನೋಡಿದಳು.

"ಮುಡಿ ತಿರುಪತಿಗೆ ಹೋಗಿ ಕೊಡಬೇಕ್ರೀ. ಕಟಿಂಗ್ ಅಂಗಡ್ಯಾಗ ಕೊಟ್ಟು ಬಂದೀರೇನು? ಅಷ್ಟೂ ಗೊತ್ತಿಲ್ಲಲ್ಲ ನಿಮಗ!"

ಸಂಜೆ ಇಬ್ಬರೂ ಆಸ್ಪತ್ರೆಗೆ ಹೋದೆವು. ಮಗಳು ಮೊದಲು ನನ್ನ ಗುರುತು ಹಿಡಿಯಲಿಲ್ಲ. ಬಾಗಿದಾಗ ತಲೆಯ ಮೇಲೆ ಅಂಗೈಯಿಟ್ಟು ಉಜ್ಜಿದಳು, ನಕ್ಕಳು. ಕೊಳವೆಯಿಂದ ಬರೀ ಗಾಳಿ ಬಂತು. ಇಲ್ಲ, ಕೊಳವೆ ತೆಗೆದಾದ ಮೇಲೆ ಆಕೆ ನಕ್ಕಿದ್ದು, ನಗು ಕೇಳಿಸಿತ್ತು ಎಂದು ಹೆಂಡತಿ ಈಗಲೂ ವಾದಿಸುತ್ತಾಳೆ. ಇರಬಹುದು. ಅಂದು ಮನೆ ಬಾಗಿಲಲ್ಲಿ ಅವಳು ಕೇಳಿದ ಮಾತು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ. ಅದನ್ನು ಇಬ್ಬರೂ ಎತ್ತುವುದಿಲ್ಲ.