ಹುಣಸೆಹಣ್ಣು ಹಚ್ಚಿ ತೊಳೆದ ಕತ್ತಿ

1996ರ ಅಕ್ಟೋಬರ್‌ನಲ್ಲಿ, ಆಯುಧಪೂಜೆಯ ಬೆಳಿಗ್ಗೆ, ಅಮೆರಿಕದ ಲಾರೆನ್ಸ್‌ವಿಲ್‌ನ ತಮ್ಮ ಮನೆಯ ಸಿಂಕಿನ ಮುಂದೆ ನಿಂತು ನಮ್ಮ ಪಕ್ಕದ ಮನೆಯ ಅಂಕಲ್ ಒಂದು ಹಳೆಯ ಜಪಾನಿ ಕಿರುಗತ್ತಿಯ ತುಕ್ಕನ್ನು ಹುಣಸೆಹಣ್ಣಿನಿಂದ ಉಜ್ಜಿ ತೆಗೆದರು. ಹುಣಸೆಹಣ್ಣಿಗೆ ಬಗ್ಗದ ಕಡೆ ಪಾತ್ರೆ ತಿಕ್ಕುವ ಸ್ಟೀಲಿನ ನಾರು ಹಾಕಿದರು. ಕೊನೆಗೆ ಬಲಗೈ ಹೆಬ್ಬೆರಳಿನ ಉದ್ದನೆಯ ಉಗುರನ್ನು ಅದರಲ್ಲಿ ಕೆತ್ತಿದ್ದ ಅಕ್ಷರಗಳ ಸಂದಿಗೆ ತೂರಿಸಿ ಉಳಿದದ್ದನ್ನೂ ಕೆರೆದರು. ಕತ್ತಿ ಅವರದಾಗಿರಲಿಲ್ಲ.

ಆ ಉಗುರನ್ನು ಅವರು ಬೇಕೆಂದೇ ಬೆಳೆಸಿದ್ದರು. ಹಳದಿಗಟ್ಟಿದ, ಚಮಚದಂತೆ ಬಾಗಿದ ಉಗುರು. ಯಾರ ಮನೆಗೆ ಹೋದರೂ ಅದರಿಂದ ಏನನ್ನಾದರೂ ಕೆರೆಯುತ್ತಿದ್ದರು: ಊಟದ ತಟ್ಟೆಯ ಅಂಚು, ಹಿತ್ತಲಿನ ಬಾರ್ಬೆಕ್ಯೂ ಗ್ರಿಲ್ಲಿನ ಕಾಲು, ಹೊಸದಾಗಿ ಕೊಂಡ ಕಾರಿನ ಬಾಗಿಲ ಕೆಳಭಾಗ. ಕೆರೆದ ಮೇಲೆ ತೀರ್ಪು. ನನ್ನ ಮೊದಲ ಕಾರನ್ನು ಕೆರೆದು, "ಇದು ಎರಡು ಚಳಿಗಾಲ ನೋಡೂದಿಲ್ರಿ" ಎಂದರು. ಆ ಕಾರನ್ನು ನಾನು ಈಗಲೂ ಓಡಿಸುತ್ತಿದ್ದೇನೆ. ಅದನ್ನು ಓಡಿಸುವುದನ್ನು ಕಲಿಸಿದವರೂ ಅವರೇ. ಭಾನುವಾರ ಮಧ್ಯಾಹ್ನ ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ, ಬೈಯುತ್ತಾ, ನಾನು ಕಲಿಯುವವರೆಗೂ ಬಿಡದೆ ಕಲಿಸಿದರು. ಆ ಋಣ ನನ್ನ ಮೇಲಿದೆ.

ಹುಬ್ಬಳ್ಳಿ ಕಡೆಯವರು. ಸೇತುವೆಗಳ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ಅವರ ಎಂಜಿನಿಯರಿಂಗ್ ಕೆಲಸ. ಆ ಕೆಲಸದಲ್ಲಿ ಹೇಗಿದ್ದರೋ ನನಗೆ ಗೊತ್ತಿಲ್ಲ; ಸೇತುವೆಗಳು ನಿಂತಿವೆ. ಕಂಪನಿಯ ಖರ್ಚಿನಲ್ಲಿ ಒಮ್ಮೆ ಜಪಾನಿಗೆ ಹೋಗಿಬಂದಿದ್ದರು. ಬಂದ ಮೇಲೆ ಜಪಾನಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಏನೂ ಉಳಿಯಲಿಲ್ಲ. ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಕನ್ನಡ ಸಂಘದ ಪಾಟ್‌ಲಕ್‌ಗಳಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತವರನ್ನು ಹಿಡಿದು ಅಲ್ಲಿನ ಕತ್ತಿ ಕಮ್ಮಾರರ ವಿಷಯ ಹೇಳುತ್ತಿದ್ದರು. ಯಾರಾದರೂ ಒಂದು ಪ್ರಶ್ನೆ ಕೇಳಿದರೆ, "ಕಬ್ಬಿಣ ನನ್ನ ಮುಂದ ಸುಳ್ಳ ಹೇಳೂದಿಲ್ಲ" ಎನ್ನುತ್ತಿದ್ದರು. ಸಾಲು ಮುಂದೆ ಹೋಗುತ್ತಿರಲಿಲ್ಲ.

"ಇವರಿಗೆ ಒಂದು ಸೌಟು ಕೊಟ್ರೂ ಅದರ ಜಾತಕ ಹೇಳ್ತಾರ," ಎಂದು ಆಂಟಿ ಎಲ್ಲರ ಮುಂದೆಯೇ ಅನ್ನುತ್ತಿದ್ದರು. "ಬಡಿಸೂದು ಮಾತ್ರ ನಾವ."

ಅಂಕಲ್ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಕತ್ತಿ ನಮ್ಮ ಬೀದಿಯ ಕೊನೆಯ ಮನೆಯ ಅಮೆರಿಕನ್ ಅಜ್ಜಿಯದು. ಅವರ ಗಂಡ ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿದ್ದ ಸೈನಿಕ. ಅಲ್ಲಿಯ ಒಬ್ಬ ಹಿರಿಯರು ತಮ್ಮ ಮನೆತನದ ಕತ್ತಿಯನ್ನು ತನಗೆ ಪ್ರೀತಿಯಿಂದ ಕೊಟ್ಟರು ಎಂದು ಆತ ಸಾಯುವತನಕ ಹೇಳಿದ್ದ. ಅವನ ಅಣ್ಣನೂ ಸೈನಿಕನೇ. ಅದು ಕಾರ್ಖಾನೆಯ ಮಾಲು, ಸಿಗರೇಟು ಕೊಟ್ಟು ತಂದದ್ದು, ತಮ್ಮ ಸುಳ್ಳುಗಾರ ಎಂದು ಆ ಅಣ್ಣ ಪ್ರತಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ಊಟದ ಮೇಜಿನಲ್ಲಿ ನಗುತ್ತಿದ್ದ. ತಮ್ಮ ಸತ್ತ ಮೇಲೂ ನಗುವುದು ನಿಂತಿರಲಿಲ್ಲ.

"ಕೂತಿದ್ದ ಕಡೆಯೇ ನನ್ನ ಗಂಡನ ಮುಖ ಕೆಂಪಾಗುತ್ತಿತ್ತು," ಎಂದು ಅಜ್ಜಿ ನನಗೆ ಹೇಳಿದರು. "ಅವನು ಸುಳ್ಳು ಹೇಳಿದನೋ ಇಲ್ಲವೋ, ಅಷ್ಟು ತಿಳಿದರೆ ಸಾಕು. ಸುಳ್ಳೇ ಆಗಿದ್ದರೂ ಪರವಾಗಿಲ್ಲ, ತಿಳಿಯಬೇಕು."

ಇದನ್ನು ತಿಳಿಯಲು ಅವರು ನಮ್ಮ ಅಂಕಲ್ ಬಳಿಗೆ ಹೋದರು. ಅಂಕಲ್ ಕೌಂಟಿ ಲೈಬ್ರರಿಯಿಂದ ಒಂದು ಪುಸ್ತಕ ತಂದು ಅದರ ಚಿತ್ರಗಳನ್ನು ನೋಡಿದರು. ಆಮೇಲೆ ಹಿಡಿಯಲ್ಲಿದ್ದ ಬಿದಿರಿನ ಕಡ್ಡಿಯನ್ನು ಹೊರಗೆ ತಳ್ಳಿ ಹಿಡಿಯನ್ನು ಕಳಚಿದರು. ಒಳಗೆ ಅಲಗಿನ ಬಾಲವಿತ್ತು. ಕತ್ತಿ ಮಾಡಿದ ಕಮ್ಮಾರ ತನ್ನ ಹೆಸರು ಕೆತ್ತುವುದು ಅಲ್ಲಿ. ಆ ಭಾಗವನ್ನು ಯಾರೂ ಉಜ್ಜುವುದಿಲ್ಲ. ತಲೆಮಾರುಗಳ ತುಕ್ಕು ಅಲ್ಲೇ ಕೂಡುತ್ತದೆ, ಕತ್ತಿಯ ವಯಸ್ಸನ್ನು ಹೇಳುವುದು ಆ ತುಕ್ಕು. ಆ ದಿನ ನಾನೂ ನೋಡಿದೆ. ಬಣ್ಣ ಕಪ್ಪಿಗೆ ಹತ್ತಿರದ ಕಂದು. ಅಕ್ಷರಗಳಿದ್ದವು. ಅದಕ್ಕಿಂತ ಹೆಚ್ಚು ಹೇಳುವ ಅರ್ಹತೆ ನನಗಿರಲಿಲ್ಲ. ಅಂಕಲ್‌ಗೂ ಇರಲಿಲ್ಲ.

"ಮುನ್ನೂರು ವರ್ಷ," ಎಂದರು ಅಂಕಲ್. "ಕಡಿಮಿ ಅಂದ್ರ."

ಅಜ್ಜಿಗೆ ಕಣ್ಣು ತುಂಬಿತು. ಆದರೂ ಗಂಡನ ಅಣ್ಣನನ್ನು ಒಪ್ಪಿಸಲು ಬೇರೆ ಯಾರದಾದರೂ ಮಾತು ಬೇಕು ಎಂದರು. ವಾಷಿಂಗ್ಟನ್ ಹತ್ತಿರ, ಮೇರಿಲ್ಯಾಂಡಿನ ಒಂದು ಹೋಟೆಲಿನಲ್ಲಿ ತಿಂಗಳ ಕೊನೆಗೆ ಕತ್ತಿಗಳ ಪ್ರದರ್ಶನವಿತ್ತು. ಜಪಾನಿನಿಂದ ಒಬ್ಬ ಪರೀಕ್ಷಕರು ಬರುವವರಿದ್ದರು. ತಾವೇ ಒಯ್ಯುತ್ತೇನೆಂದು ಅಂಕಲ್ ಕತ್ತಿಯನ್ನು ಮನೆಯಲ್ಲಿ ಇಟ್ಟುಕೊಂಡರು.

ನಡುವೆ ಆಯುಧಪೂಜೆ ಬಂತು.

ಸಂಜೆ ನಾವು ಪೂಜೆಗೆ ಅವರ ಮನೆಗೆ ಹೋದಾಗ ಗ್ಯಾರೇಜಿನಲ್ಲಿ ಎರಡು ಕಾರು, ಹುಲ್ಲು ಕತ್ತರಿಸುವ ಯಂತ್ರ, ವ್ಯಾಕ್ಯೂಮ್ ಕ್ಲೀನರ್, ಕಂಪ್ಯೂಟರಿನ ಕೀಬೋರ್ಡು ಎಲ್ಲಕ್ಕೂ ಕುಂಕುಮವಿತ್ತು. ನಡುವೆ ರೇಷ್ಮೆ ವಸ್ತ್ರದ ಮೇಲೆ ಹಿಡಿ ಕಳಚಿದ ಕತ್ತಿ, ತುದಿಯಿಂದ ಬಾಲದವರೆಗೆ ಬೆಳ್ಳಗೆ. ಬಾಲದ ಅಕ್ಷರಗಳ ಮೇಲೆಯೇ ಅರಿಸಿನ, ಕುಂಕುಮ.

"ಇಷ್ಟು ವರ್ಷ ಹುಲ್ಲಿನ ಮಷೀನಿಗೆ ಪೂಜಿ ಮಾಡಿದ್ವಿ," ಎಂದರು ಅಂಕಲ್. "ಈ ವರ್ಷ ನಮ್ಮ ಮನ್ಯಾಗ ಖರೇ ಆಯುಧ ಅದ, ನೋಡ್ರಿ."

"ಅದು ಕಪ್ಪಗಿತ್ತಲ್ಲ, ಅಂಕಲ್?"

"ತುಕ್ಕ ಹಿಡಿದದ್ದನ್ನ ದೇವಿ ಮುಂದ ಇಡ್ತಾರೇನ್ರೀ? ತುಕ್ಕ ಅಂದ್ರ ಕಬ್ಬಿಣಕ್ಕ ರೋಗ. ನನ್ನ ಕೆಲಸಾನ ಅದು."

"ಮುಂಜಾನಿಂದ ಸಿಂಕ್ ಬಿಟ್ಟುಕೊಟ್ಟಿಲ್ಲ," ಎಂದರು ಆಂಟಿ. "ಹೋಳಿಗಿಗೆ ಬ್ಯಾಳಿ ತೊಳಿಯೂದು ಬಾತ್‌ರೂಮಿನ್ಯಾಗ ಆತು."

ಬಾಲದ ತುಕ್ಕನ್ನು ಎಂದೂ ಮುಟ್ಟಬಾರದು ಎಂಬುದು ಲೈಬ್ರರಿಯ ಆ ಪುಸ್ತಕದಲ್ಲಿಯೇ ಇತ್ತು. ಆಮೇಲೆ ತೆಗೆದು ನೋಡಿದೆ. ಆ ಪುಟದಲ್ಲಿ ಚಿತ್ರವಿರಲಿಲ್ಲ.

ಮೇರಿಲ್ಯಾಂಡಿಗೆ ಕಾರು ಓಡಿಸಿದ್ದು ನಾನು. ದಾರಿಯ ಎರಡೂ ಕ್ಯಾರೊಲೈನಾ ರಾಜ್ಯಗಳುದ್ದಕ್ಕೂ ಅಂಕಲ್ ಪರೀಕ್ಷಕರಿಗೆ ಏನು ವಿವರಿಸಬೇಕೆಂದು ನನಗೆ ವಿವರಿಸಿದರು. ಪರೀಕ್ಷಕರು ಸಣ್ಣ ಮೈಯ ಮುದುಕರು. ಅಲಗನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರು. ತುದಿ ಚೂರು ಮುಕ್ಕಾಗಿದೆ, ಬಿರುಕಿಲ್ಲ ಎಂದರು. ಅಲಗಿನ ಮೈಯನ್ನು ಯಾರೋ ಹಿಂದೆಯೇ ಮರಳುಕಾಗದದಿಂದ ತಿಕ್ಕಿದ್ದಾರೆ, ಕಬ್ಬಿಣದ ಎಳೆ ಕಾಣುತ್ತಿಲ್ಲ ಎಂದರು. ಅದು ಅಜ್ಜಿಯ ಗಂಡನ ಕೆಲಸವಿರಬೇಕು. ಆಮೇಲೆ ಹಿಡಿ ಕಳಚಿದರು. ಬಾಲವನ್ನು ನೋಡಿ, ಕತ್ತಿಯನ್ನು ಬಟ್ಟೆಯ ಮೇಲೆ ಮಲಗಿಸಿ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಇದನ್ನು ಯಾರು ತೊಳೆದರು?"

"ನಾನು," ಎಂದರು ಅಂಕಲ್. "ತುಂಬ ತುಕ್ಕಿತ್ತು. ನಾನು ಎಂಜಿನಿಯರ್."

ಪರೀಕ್ಷಕರು ಅವರ ಮುಖ ನೋಡಲಿಲ್ಲ. "ಮೈ ಮೊದಲೇ ಕೆಟ್ಟಿತ್ತು. ಹೇಳಬಲ್ಲದ್ದು ಬಾಲ ಒಂದೇ. ಈಗ ಅದೂ ಹೇಳುವುದಿಲ್ಲ. ಹಳೆಯದಿರಬಹುದು. ಹೊಸ ಕತ್ತಿಗೆ ಹಳೆಯ ಹೆಸರು ಕೆತ್ತಿದ್ದೂ ಇರಬಹುದು. ನಾನು ತೀರ್ಪು ಕೊಡುವುದಿಲ್ಲ."

ವಾಪಸು ಬರುವಾಗ ವರ್ಜೀನಿಯಾ ದಾಟುವವರೆಗೆ ಅಂಕಲ್ ಮಾತಾಡಲಿಲ್ಲ. ಅವರನ್ನು ಬಲ್ಲ ಯಾರೂ ಇದನ್ನು ನಂಬುವುದಿಲ್ಲ. ನಾರ್ತ್ ಕ್ಯಾರೊಲೈನಾದಲ್ಲಿ ಬಾಯಿ ಬಂತು.

"ಆ ಮುದುಕಗ ಮೆಟಲರ್ಜಿ ಗೊತ್ತಿಲ್ಲ."

ನಾನು ಮುಂದಿದ್ದ ಟ್ರಕ್ಕನ್ನು ಹಿಂದೆ ಹಾಕಿದೆ.

"ಅಜ್ಜಿಗೆ ಖರೇ ಕತ್ತಿ ಅಂದ್ರು ಅಂತ ಹೇಳಿಬಿಡೋಣ. ಖರೇನ ಅದ. ನಾನು ನೋಡೀನಿ."

"ಅವರು ಹಾಗೆ ಹೇಳ್ಲಿಲ್ಲ, ಅಂಕಲ್."

"ನೀವು ಪೇಪರಿನ್ಯಾಗ ಬರಿಯೋರು. ಒಂದು ಕಾಮಾ ಬಿಡೂದಿಲ್ಲ."

"ಅಜ್ಜಿ ನನ್ನ ಕೇಳಿದ್ರೆ ಅವರು ಹೇಳಿದ್ದನ್ನೇ ಹೇಳ್ತೀನಿ."

"ಹೇಳ್ರಿ, ಹೇಳ್ರಿ. ಮುದುಕಿ ಅತ್ತರ ನಿಮಗೇನು."

ಶಾರ್ಲೆಟ್ ಹತ್ತಿರ ಅಂಕಲ್ ಫ್ರೆಂಚ್ ಫ್ರೈಸ್ ಕೊಂಡು ಒಂದನ್ನೂ ತಿನ್ನಲಿಲ್ಲ.

ಮರುದಿನ ಅವರೇ ಅಜ್ಜಿಯ ಮನೆಗೆ ಹೋದರು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು, ಯಾಕೆಂದು ಹೇಳಲಿಲ್ಲ. ಸೋಫಾದ ತುದಿಯಲ್ಲಿ ಕುಳಿತು, ಪರೀಕ್ಷಕರ ಮಾತನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು. "ನಿಮ್ಮ ಯಜಮಾನರ ಮಾತು ನಿಜ. ಅದರ ಪುರಾವೆ ಆ ತುಕ್ಕಿನಲ್ಲಿತ್ತು. ಅದನ್ನು ತೆಗೆದವನು ನಾನು," ಎಂದರು.

ಅಜ್ಜಿ ಕತ್ತಿಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಇದನ್ನು ಅವನ ಅಣ್ಣನ ಮುಂದೆ ಹೇಳುತ್ತೀರಾ?" ಎಂದು ಕೇಳಿದರು.

ಹೇಳಿದರು. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ದಿನ, ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್ ಬಳಿಯ ಆ ಅಣ್ಣನ ಮನೆಯಲ್ಲಿ, ಟರ್ಕಿ ಕೋಳಿ ಇಟ್ಟ ಮೇಜಿನ ಮುಂದೆ ಕೋಟು ಹಾಕಿಕೊಂಡು ನಿಂತು, ಆ ಮನೆಯವರೆಲ್ಲರ ಎದುರು ಅದನ್ನೇ ಹೇಳಿದರು. ನಾನು ಅಲ್ಲಿದ್ದೆ.

ಅಣ್ಣ ಕೇಳಿಸಿಕೊಂಡು ನಕ್ಕ. "ನನ್ನ ತಮ್ಮನ ಪರವಾಗಿ ಕೊನೆಗೂ ಒಬ್ಬ ಸಾಕ್ಷಿ ಬಂದ. ಪುರಾವೆ ತೊಳೆದವನೂ ಅವನೇ."

ಮೇಜಿನ ಸುತ್ತ ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಅಂಕಲ್ ಕುಳಿತುಕೊಳ್ಳಲಿಲ್ಲ. "ತಪ್ಪು ನನ್ನದು, ನಿಮ್ಮ ತಮ್ಮನದಲ್ಲ," ಎಂದು ಇನ್ನೊಮ್ಮೆ ಹೇಳಿದರು. ನಗು ನಿಲ್ಲುವವರೆಗೆ ನಿಂತೇ ಇದ್ದರು. ಆಮೇಲೆ ಅಜ್ಜಿ ಹಂದಿಮಾಂಸದ ಬೇಕನ್ ಹಾಕದೆ ಬೇರೆ ಮಾಡಿಟ್ಟಿದ್ದ ಬೀನ್ಸ್ ಬಡಿಸಿದರು. ಅಂಕಲ್ ತಿಂದರು. ತಟ್ಟೆ ಕೆರೆಯಲಿಲ್ಲ.

ಇದನ್ನು ದೊಡ್ಡತನ ಎಂದು ನಮ್ಮ ಜನ ಆಮೇಲೆ ಹೇಳಿಕೊಂಡು ತಿರುಗಿದರು. ಹಾಗೆ ಬರೆಯಲು ನನ್ನ ಬಳಿ ಆಧಾರವಿಲ್ಲ. ತಪ್ಪು ಒಪ್ಪಿಕೊಂಡಾಗಲೂ ಅವರು ತಮ್ಮ ತೀರ್ಪನ್ನು ಬಿಟ್ಟಿರಲಿಲ್ಲ. ಕತ್ತಿ ಖರೇ ಎಂದು ಹೇಳಲು ಅವರಿಗಿದ್ದ ಆಧಾರ ಅವರ ಕಣ್ಣು ಮತ್ತು ಚಿತ್ರಗಳ ಒಂದು ಪುಸ್ತಕ. ಅದನ್ನು ನಂಬಿದವರು ಇಬ್ಬರು, ಅವರು ಮತ್ತು ಅಜ್ಜಿ. ವಾಪಸು ಬರುವಾಗ ಕಾರಿನಲ್ಲಿ ಅವರು ಹೇಳಿದ್ದು ಇಷ್ಟು: "ಮುನ್ನೂರಲ್ರಿ. ನಾನೂರು ಇರಬೇಕು."

ಅಂಕಲ್ 1998ರ ವಸಂತದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಂಟಿ ಮಗಳ ಮನೆಗೆ, ಜಾನ್ಸ್ ಕ್ರೀಕ್‌ಗೆ ಹೋದರು. ಮರುವರ್ಷ ಅಜ್ಜಿಯೂ ಮನೆ ಮಾರಿ ಗ್ರೀನ್‌ವಿಲ್‌ಗೆ ಹೊರಟರು. ಕತ್ತಿ ಈಗ ಗಂಡನ ಅಣ್ಣನ ಮನೆಯಲ್ಲಿ, ಊಟದ ಮೇಜಿನ ಹಿಂದಿನ ಗೋಡೆಯ ಮೇಲೆ, ತಮ್ಮನ ಫೋಟೊದ ಕೆಳಗಿದೆ. ತೂಗುಹಾಕಿದವನು ಅಣ್ಣ.